ಚಟ್ಟಕ್ಕೆ ಹೆಗಲು ಕೊಟ್ಟ ದೊಡ್ಡಯ್ಯ

ದೊಡ್ಡಯ್ಯನ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಅವನು ನುಗ್ಗೇಹಳ್ಳಿಯ ನಮ್ಮ ಕೇರಿಯವನೇ. ಅವನೂ ನನ್ನ ಅಣ್ಣ ಗಂಗಯ್ಯನೂ ಚನ್ನರಾಯಪಟ್ಟಣದ ಮಂಡಿಯೊಂದರಲ್ಲಿ ಜೋಡಿಯಾಗಿ ತೆಂಗಿನಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಚೂಪು ಹಾರೆಗೆ ಕಾಯಿ ಕುಕ್ಕಿ ತಿರುವಿದರೆ ಸಿಪ್ಪೆ ಬಿಡುತ್ತದೆ. ದೊಡ್ಡಯ್ಯ ಕುಡಿದರೆ ಹೆಂಡತಿ, ಎತ್ತು, ಗೋಡೆ, ಯಾವುದಾದರೂ ಸರಿ, ಹೊಡೆಯುತ್ತಿದ್ದ. 1955ರ ಒಂದು ಮಧ್ಯಾಹ್ನ ಅಣ್ಣ ಆ ಹಾರೆಯ ಮೇಲೆ ಬಿದ್ದು, ಹೊಟ್ಟೆ ಸೀಳಿ ಸತ್ತ. ಕಾಲು ಜಾರಿತು ಎಂದ ದೊಡ್ಡಯ್ಯ. ಬೇರೆ ಯಾರೂ ನೋಡಿರಲಿಲ್ಲ. ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವನೂ ಅವನೇ.

ಹೆಗಲು ಕೊಟ್ಟವರಿಗೆ ತಿಥಿಯ ದಿನ ಮೊದಲ ಎಲೆ ಹಾಕುವುದು ನಮ್ಮ ಮನೆಯ ರೂಢಿ. ಆರು ವರ್ಷ ಅತ್ತಿಗೆ ಮಾದಮ್ಮ, ಏನೂ ತಿಳಿಯದೆ, ಗಂಡನನ್ನು ಕೊಂದವನಿಗೇ ಮೊದಲು ಬಡಿಸಿದಳು. ಅವನೂ ತಲೆ ತಗ್ಗಿಸಿ ತಿಂದ. ಥೂ!

ಆಮೇಲೆ ವಿಷಮಶೀತ ಜ್ವರ ಬಂದು ಹಾಸನದ ಮಿಷನ್ ಆಸ್ಪತ್ರೆ ಸೇರಿದ. ಅಲ್ಲಿ ಪಾದ್ರಿಯೊಬ್ಬರ ಮಾತು ಕೇಳಿ ಕ್ರಿಸ್ತನನ್ನು ನಂಬಿದ, ದೀಕ್ಷಾಸ್ನಾನ ಮಾಡಿಸಿಕೊಂಡ, ಕುಡಿತ ಬಿಟ್ಟ. ಕೇರಿಯವರು ನಕ್ಕರು. ಏಳನೆಯ ತಿಥಿಗೂ ಅತ್ತಿಗೆ ಮೊದಲ ಎಲೆ ಅವನಿಗೇ ಹಾಕಿದಳು.

ಅವನು ಅನ್ನ ಮುಟ್ಟಲಿಲ್ಲ. "ಅವ್ವಾ, ಗಂಗಯ್ಯ ಜಾರ್ನಿಲ್ಲ. ಜಗಳದಾಗೆ ನಾನೇ ತಳ್ದೆ. ಏಸಪ್ಪ ನನ್ನ ಮಾಪ್ ಮಾಡವ್ನೆ, ನೀನೂ ಮಾಡವ್ವ" ಎಂದ.

ಮೂಲೆಯ ಒನಕೆ ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಮೊದಲ ಏಟಿಗೆ ಅವನ ಮೊಣಕೈ ಲಟಕ್ಕೆಂದಿತು. ಎರಡನೆಯದಕ್ಕೆ ಹಲ್ಲುಗಳು ಎಲೆಯ ಅನ್ನದೊಳಗೆ ಬಿದ್ದವು. ಅವನು ಕೈ ಅಡ್ಡ ತರಲಿಲ್ಲ, ಅದಕ್ಕೇ ನನಗೆ ಇನ್ನೂ ಕೆರಳಿತು. ಮೂರನೆಯದನ್ನು ತಲೆಗೆ ಎತ್ತಿದಾಗ ಅತ್ತಿಗೆ ಒನಕೆ ಹಿಡಿದುಕೊಂಡಳು. ಅವಳಿಗೇನೂ ಕನಿಕರವಿರಲಿಲ್ಲ.

"ಸತ್ತೋನು ನನ್ ಗಂಡ ಕಣ್ಲಾ. ನನ್ ಕೇಳ್ದೆ ನಿನ್ ಏಸಪ್ಪ ಅದೆಂಗ್ಲಾ ಮಾಪ್ ಮಾಡ್ದ?" ಎಂದಳು.

ಅವನು ರಕ್ತ ಉಗುಳಿ, ಪೊಲೀಸ್ ಠಾಣೆಗೆ ಹೋಗಿ ಹೇಳುತ್ತೇನೆ ಎಂದ. ಎದ್ದು ನಿಲ್ಲಲಾಗಲಿಲ್ಲ. ಅತ್ತಿಗೆ ಗಾಡಿ ಕಟ್ಟಿಸಿದಳು. ದಾರಿಯುದ್ದಕ್ಕೂ ಅವನು ಪ್ರಾರ್ಥನೆ ಗೊಣಗಿದ, ನಾನು ಅವನ ವಂಶವನ್ನೆಲ್ಲ ಬೈದೆ. ಠಾಣೆಯಲ್ಲಿ ಒಂದೂ ಬಿಡದೆ ಒಪ್ಪಿಕೊಂಡ. ಹೊಡೆದವರ ಹೆಸರು ಮಾತ್ರ ಹೇಳಲಿಲ್ಲ. ಏಳು ವರ್ಷ ಶಿಕ್ಷೆಯಾಯಿತು.

ನಾಲ್ಕು ವರ್ಷ ಕಳೆದ ಮೇಲೆ ಅತ್ತಿಗೆ ನನ್ನನ್ನು ಕೂರಿಸಿಕೊಂಡು, "ಓಗಿ ಹೇಳ್ಬುಟ್ ಬಾ ತಮ್ಮಯ್ಯ, ನಾನೂ ಮಾಪ್ ಮಾಡಿವ್ನಿ ಅಂತ" ಎಂದು ಮೈಸೂರಿನ ಜೈಲಿಗೆ ಕಳಿಸಿದಳು. ಬಾಗಿಲವರೆಗೂ ಹೋದೆ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬಸ್ಸು ಹತ್ತಿದೆ. ಊರಿಗೆ ಬಂದು, "ಹೇಳಿದೆ, ಬಹಳ ಅತ್ತ" ಎಂದು ಅತ್ತಿಗೆಯ ಮುಂದೆ ಸುಳ್ಳು ಹೇಳಿದೆ.

ಆ ಮಳೆಗಾಲದಲ್ಲೇ ದೊಡ್ಡಯ್ಯ ಜೈಲಿನಲ್ಲಿ ಸತ್ತ. ಸದ್ಯ, ಕೇಳಿಸಿಕೊಂಡು ಸತ್ತನಲ್ಲ ಎಂದು ಅತ್ತಿಗೆ ಈಗಲೂ ಸಮಾಧಾನ ಪಟ್ಟುಕೊಳ್ಳುತ್ತಾಳೆ. ನಾನು ಇನ್ನೂ ಬಾಯಿ ಬಿಟ್ಟಿಲ್ಲ.