ಜಾಲಿಯ ಮಣ್ಣು, ಅಕ್ಕನ ಬೀಜ

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಅಷ್ಟು ಓದಿರಲಿಲ್ಲ. ಓದಿದ್ದರೆ ಈ ತಪ್ಪನ್ನು ಅವರೇ ಮಾಡಿ ಮುಗಿಸಿರುತ್ತಿದ್ದರು. ವಿಜ್ಞಾನದ ಪಾಠದಲ್ಲಿ ಒಂದೇ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಕೆಲವು ಗಿಡಗಳ ಬೇರಿನಲ್ಲಿ ಗಂಟುಗಳಿರುತ್ತವೆ, ಅವುಗಳೊಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಮಾಸ್ತರರು ಹೆಸರುಕಾಳು, ಶೇಂಗಾ, ತೊಗರಿ ಎಂದು ಉದಾಹರಣೆ ಕೊಟ್ಟಿದ್ದರು. ಬಳ್ಳಾರಿ ಜಾಲಿಯನ್ನು ನಾನು ಸ್ವಂತ ಬುದ್ಧಿಯಿಂದ ಸೇರಿಸಿಕೊಂಡೆ. ಅದರ ಕಾಯಿಯೂ ಹಾಗೇ ಇರುತ್ತದಲ್ಲ.

ಹಲಗೇರಿಯ ಹತ್ತಿರ ನನ್ನ ಹೊಲ, ಅಕ್ಕನ ಹೊಲ ಒಂದೇ ಬದುವಿನ ಆಚೀಚೆ ಇವೆ. ದನ ನುಗ್ಗುತ್ತವೆಂದು ಹರೆಯದಲ್ಲಿ ನಾನೇ ಹಳ್ಳದ ದಂಡೆಗೆ ಜಾಲಿಯ ಬೀಜ ಬಿತ್ತಿ ಬೇಲಿ ಮಾಡಿದ್ದೆ. ದನ ನಿಂತವು. ಬೇಲಿ ನಿಲ್ಲಲಿಲ್ಲ. ಆಡುಗಳು ಅದರ ಕಾಯಿ ತಿಂದು ಹೊಲದ ತುಂಬ ಹಿಕ್ಕೆ ಹಾಕುತ್ತ ಹೋದವು, ಅವುಗಳ ಹಿಂದೆಯೇ ಜಾಲಿಯೂ ನಡೆದು ಬಂತು. ನನ್ನ ತಲೆ ನರೆಯುವ ಹೊತ್ತಿಗೆ ಹೊಲದ ಕಾಲುಭಾಗ ಬೇಲಿಯೇ ಆಗಿತ್ತು.

ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಕೀಳಿಸಿದೆ. ಅಡಿಯ ಮಣ್ಣು ಕಪ್ಪಗೆ, ಮೆತ್ತಗೆ, ಚಹಾಪುಡಿಯ ಹಾಗಿತ್ತು. ಜಾಲಿ ಇಷ್ಟು ವರ್ಷ ನನಗಾಗಿ ಬಿಟ್ಟಿ ಯೂರಿಯಾ ಕೂಡಿಟ್ಟಿದೆ ಎಂದು ಹೆಂಡತಿಗೆ ಹೇಳಿದೆ. ಅದರ ಕೆಳಗೆ ಒಂದು ಹುಲ್ಲುಕಡ್ಡಿಯೂ ಹುಟ್ಟಿರಲಿಲ್ಲವಲ್ಲ ಎಂದಳು. ನೆರಳಿಗೆ ಹುಟ್ಟಿಲ್ಲ ಎಂದೆ.

ಅಕ್ಕನ ಬಳಿ ಅವ್ವನ ಕಾಲದಿಂದ ಬಂದ ಬ್ಯಾಡಗಿ ಮೆಣಸಿನಕಾಯಿಯ ಬೀಜವಿತ್ತು. ಗಿಡದ ಮೇಲೆಯೇ ಹಣ್ಣಾಗಿ ಸುಕ್ಕು ಬಿದ್ದ ಕಾಯಿಗಳನ್ನು ಪ್ರತಿ ವರ್ಷ ತಾನೇ ಆರಿಸಿ, ಒಣಗಿಸಿ, ಬೀಜಕ್ಕೆ ಬೂದಿ ಕಲಸಿ ಗಡಿಗೆಯಲ್ಲಿ ಇಡುತ್ತಿದ್ದಳು. ಬ್ಯಾಡಗಿ ಪೇಟೆಯಲ್ಲಿ ಅವಳ ಚೀಲ ಬಿಚ್ಚಿದರೆ ಪಕ್ಕದವರು ತಮ್ಮ ಚೀಲದ ಬಾಯಿ ಕಟ್ಟುತ್ತಿದ್ದರು. ಆ ವರ್ಷ ಸಸಿ ಮಾಡುವ ಹೊತ್ತಿಗೆ ಕಣ್ಣಿನ ಪೊರೆ ತೆಗೆಸಲು ಅವಳು ಹಾವೇರಿಗೆ ಹೋಗಬೇಕಾಯಿತು. ಗಡಿಗೆಯನ್ನೇ ನನ್ನ ಕೈಗಿಟ್ಟು, ಇಬ್ಬರ ಹೊಲಕ್ಕೂ ಸೇರಿಸಿ ಹಳೆಯ ಮಡಿಯಲ್ಲೇ ಸಸಿ ಹಾಕು ಎಂದಳು. ಇದ್ದ ಬೀಜವೆಲ್ಲ ಅಷ್ಟೇ. ನಾನು ಹಳೆಯ ಮಡಿಯ ತುಂಬ ಜಾಲಿಯ ಮಣ್ಣು ತಂದು ಹರವಿ, ಅಷ್ಟನ್ನೂ ಅದರಲ್ಲಿ ಚೆಲ್ಲಿದೆ.

ಬೋಳುತಲೆಯ ಕೂದಲಿನ ಹಾಗೆ ಅಲ್ಲೊಂದು ಇಲ್ಲೊಂದು ಹುಟ್ಟಿದವು. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಮಡಿಯ ಮುಂದೆ ನಿಂತಳು. ತಪ್ಪು ಕನ್ನಡಕದ್ದಿರಬಹುದೆಂದು ಮೊದಲು ಅದನ್ನು ತೆಗೆದು ಒರೆಸಿದಳು.

"ಬೀಜ ಎಲ್ಲಿ ಹೋದ್ವೋ ತಮ್ಮಾ?"

"ಇರಿವಿ ಒಯ್ದವು, ಅಕ್ಕಾ."

ಮರುದಿನ ಅವಳು ಇರುವೆಗಳನ್ನು ದೂರ ಕರೆಯಲೆಂದು ಮಡಿಯಾಚೆ ಸಕ್ಕರೆ ಸುರಿದಳು. ಅಲ್ಲಿಯವರೆಗೆ ಅಲ್ಲಿ ಒಂದು ಇರುವೆಯೂ ಇರಲಿಲ್ಲ. ಸಕ್ಕರೆಯ ಸುದ್ದಿ ತಿಳಿದು ಎಲ್ಲೆಲ್ಲಿಂದಲೋ ಸಾಲುಗಟ್ಟಿ ಬಂದವು. ತಮ್ಮ ಹೇಳಿದ್ದು ಖರೇ ಎಂದು ಅಕ್ಕ ನನ್ನ ಬೆನ್ನು ಸವರಿದಳು. ಆ ಜಾಗ ಇಂದಿಗೂ ಉರಿಯುತ್ತದೆ.

ಹುಟ್ಟಿದ್ದರಲ್ಲಿ ಗಟ್ಟಿ ಸಸಿಗಳನ್ನು ಜಾಲಿ ಕಿತ್ತ ಜಾಗದಲ್ಲೇ ಹಚ್ಚಿದೆ. ಬಡಕಲು ಸಸಿಗಳನ್ನು ಬದುವಿನ ಮೇಲೆ ಎಸೆದೆ. ಮಳೆ ಬಿದ್ದಿದ್ದೇ ತಡ, ಗಿಡಗಳು ನನ್ನ ಎದೆಯವರೆಗೆ ಬೆಳೆದವು. ಒಂದೊಂದು ಎಲೆಯೂ ಕಡುಹಸಿರು, ಅಂಗೈಯಗಲ. ನಾನು ಮೀಸೆ ತಿರುವಿಕೊಂಡು ಬದುವಿನ ಮೇಲೆ ತಿರುಗಾಡುತ್ತಿದ್ದೆ. ಮೇಡ್ಲೇರಿಯಿಂದ ಬೀಗರು ಬಂದರು.

"ತಂಬಾಕ ಹಚ್ಚೀರೇನ್ರಿ, ಬೀಗರ?"

"ಮೆಣಸಿನಗಿಡರಿ."

"ಹಂಗಾದ್ರ ಕಾಯಿ ಮನ್ಯಾಗ ಇಟ್ಟೀರೇನ್ರಿ?"

ಹೂವು ಬಿಟ್ಟವು, ಉದುರಿದವು. ಕಾಯಿ ಇಲ್ಲದೆ ಬೀಜವೆಲ್ಲಿಯದು? ಅವ್ವನ ಕಾಲದ ಬೀಜ ನನ್ನ ಕೈಯಲ್ಲಿ ಮುಗಿಯಿತೆಂದು ಹೆದರಿ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ರಾಣೆಬೆನ್ನೂರಿಗೆ ಓಡಿದೆ. ಮಣ್ಣು ಪರೀಕ್ಷೆ ಮಾಡುವ ಮೇಡಂ ತಾಳ್ಮೆಯಿಂದ ತಿಳಿಸಿ ಹೇಳಿದರು. ಸಾರಜನಕ ಮಾಸ್ತರರು ಹೇಳಿದಂತೆಯೇ ಇತ್ತು, ಬೇಕಾದ್ದಕ್ಕಿಂತ ಹೆಚ್ಚಾಗಿ. ಅದಕ್ಕೇ ಬರೀ ಎಲೆ. ಉದುರಿ ಕೊಳೆತ ಜಾಲಿಯ ಎಲೆಯ ಸಾರ ಬೇರೆ ಬೀಜಗಳನ್ನು ಮೊಳೆಯಗೊಡುವುದಿಲ್ಲ. ಮಣ್ಣೊಳಗಿನ ಸೂಕ್ಷ್ಮಜೀವಿಗಳೂ ವರ್ಷಗಟ್ಟಲೆ ಜಾಲಿಗೇ ಒಗ್ಗಿಕೊಂಡಿವೆ, ಮೆಣಸಿನ ಬೇರಿಗೆ ನೆರವಾಗುವವು ಕಡಿಮೆಯಾಗಿವೆ. ಮರ ಕಿತ್ತ ಮಾತ್ರಕ್ಕೆ ಇದೆಲ್ಲ ಬದಲಾಗದು. ಮಾಲೀಕ ಹೋದರೂ ಬಾಡಿಗೆಯವರು ಮನೆ ಬಿಟ್ಟಿರಲಿಲ್ಲ ಎಂದು ನಾನು ಅರ್ಥಮಾಡಿಕೊಂಡೆ. ಕೆಲವು ವರ್ಷ ಗೋವಿನಜೋಳ ಹಾಕಿ ಆ ಸಾರಜನಕ ಕರಗಿಸಿ, ಕೊಟ್ಟಿಗೆ ಗೊಬ್ಬರ ಕೊಡಿ, ಒಳ್ಳೆಯ ಹೊಲದ ಮಣ್ಣು ಬೆರೆಸಿ ನೋಡಿ ಎಂದರು.

ಒಳ್ಳೆಯ ಹೊಲವೆಂದರೆ ಅಕ್ಕನದು. ಮಣ್ಣು ಕೇಳಿದರೆ ಯಾಕೆಂದು ಹೇಳಬೇಕು.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದೆವು. ಅದು ಭೂಮಿಗೆ ಉಣಿಸುವ ದಿನ. ಅಕ್ಕ ಮುಂದೆ ಕಡುಬು, ಸಜ್ಜೆ ರೊಟ್ಟಿಯ ಚೂರು ಚೆಲ್ಲುತ್ತ ನಡೆದಳು. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುವವನು ನಾನು. ಮುಖ ನೋಡದೆ ತಪ್ಪೊಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗದು. ಜಾಲಿಯ ಮಣ್ಣು, ಇರುವೆಯ ಸುಳ್ಳು, ಎಲ್ಲವನ್ನೂ ಅವಳ ಬೆನ್ನಿಗೆ ಹೇಳಿದೆ. ಅವಳು ನಿಲ್ಲಲಿಲ್ಲ. ಹೊಲದ ಮೂಲೆಗೆ ಬಂದಾಗ ತಿರುಗಿ ನೋಡಿದಳು.

"ನೀರಷ್ಟ ಹಾಕು, ಅಳಬ್ಯಾಡ. ಉಪ್ಪನೀರು ಹೊಲಕ್ಕ ಛಲೋ ಅಲ್ಲ."

ಆಮೇಲೆ ಬದು ದಾಟಿಸಿ ತನ್ನ ಹೊಲಕ್ಕೆ ಕರೆದೊಯ್ದಳು. ಅಲ್ಲಿ ಮೊಣಕಾಲೆತ್ತರದ ನಾಲ್ಕಾರು ಗಿಡಗಳು, ಮೈತುಂಬ ಕೆಂಪು ಕಾಯಿ. ನಾನು ಎಸೆದ ಬಡಕಲು ಸಸಿಗಳು. ಕಪ್ಪು ಕನ್ನಡಕ ಪೂರ್ತಿ ಬಿಟ್ಟ ದಿನ ಬದುವಿನ ಮೇಲೆ ಕಂಡವಂತೆ, ಎತ್ತಿ ಹಚ್ಚಿದ್ದಳು.

"ಬೀಜ ಉಳದೈತಿ. ನಿನ್ನ ಕೈಗೆ ಮಾತ್ರ ಕೊಡಂಗಿಲ್ಲ," ಎಂದಳು. "ಆ ಇರಿವಿಗೂ ಒಂದು ಕಡಬು ಹಾಕಿ ಬಾ. ಸುಮ್ಮಸುಮ್ಮನ ಕಳ್ಳರನ್ನ ಮಾಡೀದಿ."

ಹಾಕಿ ಬಂದೆ. ಅಂದಿನಿಂದ ಜಾಲಿ ಕಿತ್ತ ಜಾಗದಲ್ಲಿ ಗೋವಿನಜೋಳವೇ. ಪ್ರತಿ ಚರಗಕ್ಕೂ ಅಕ್ಕ ಕಡುಬಿನ ಬುಟ್ಟಿಯ ಜೊತೆ ತನ್ನ ಹೊಲದ ಮಣ್ಣನ್ನೂ ಒಂದು ಬುಟ್ಟಿ ತಂದು ಅಲ್ಲಿ ಹರಡುತ್ತಾಳೆ. ಬೀಜ ಮಾತ್ರ ನನ್ನ ಹೆಂಡತಿಯ ಕೈಗೆ ಕೊಡುತ್ತಿದ್ದಳು. ಈ ವರ್ಷ ನನ್ನ ಅಂಗೈಗೆ ಒಂದು ಚಿಟಿಕೆ ಹಾಕಿ, ಅದೇ ಜಾಗದ ಒಂದು ಮೂಲೆಯಲ್ಲಿ ಊರಿ ಮಣ್ಣು ಮುಚ್ಚುವವರೆಗೆ ಪಕ್ಕದಲ್ಲೇ ನಿಂತಿದ್ದಳು. ಹುಟ್ಟಿವೆ. ಗಿಡಗಳು ಇನ್ನೂ ನನ್ನ ಮೊಣಕಾಲಿಗೂ ಬಂದಿಲ್ಲ. ಅದೇ ನನಗೆ ದೊಡ್ಡ ಸಮಾಧಾನ.