ಈ ಸಲ ನಾವೇ ಪಾರ್ಟಿ

ಕೆಳಗಿನ ಮನೆಯ ಮೇಷ್ಟ್ರ ಹೆಂಡತಿ ಮೊನ್ನೆ ತಾರಸಿಗೆ ಬಟ್ಟೆ ಒಣಹಾಕಲು ಬಂದಾಗ ಒಂದು ಪ್ರಶ್ನೆ ಕೇಳಿದರು. ಅವರ ಮಗಳ ಸಂಸಾರ ಬೇಸಿಗೆ ರಜೆಗೆ ಬೆಂಗಳೂರಿನ ಹತ್ತಿರದ ಒಂದು ದೊಡ್ಡ ಥೀಮ್ ಪಾರ್ಕಿಗೆ ಹೊರಟಿದೆ. ಅದರ ಕಾಂಪೌಂಡಿನೊಳಗೇ ಒಂದು ರೆಸಾರ್ಟ್ ಹೋಟೆಲೂ ಇದೆ.

"ನೀನು ಅಲ್ಲಿ ಉಳ್ಕೊಂಡು ಬಂದೋಳಲ್ವಾ, ಹೇಳು ಮಾರಾಯ್ತಿ. ಒಳಗೇ ರೂಮ್ ಮಾಡ್ಬೇಕಾ, ಇಲ್ಲ ಬೆಳಿಗ್ಗೆ ಹೋಗಿ ಸಂಜೆ ಬಂದ್ರೆ ಸಾಕಾ? ಒಂದು ದಿನಕ್ಕೆ ಅವ್ರು ಕೇಳೋ ದುಡ್ಡಲ್ಲಿ ನಮ್ಮನೇಗೆ ಎರಡು ತಿಂಗಳ ದಿನಸಿ ಬರುತ್ತೆ. ವಸೂಲ್ ಆಗುತ್ತಾ?"

"ಚಿಕ್ಕ ಮಕ್ಕಳಿದ್ರೆ ಉಳ್ಕೊಳ್ಳಲಿ ಅಕ್ಕಾ," ಎಂದೆ. "ಬಿಸಿಲೇರಿದ ಮೇಲೆ ರೂಮಿಗೆ ಬಂದು ಮಲಗ್ಬಹುದು. ಕಾಲು ಗಟ್ಟಿ ಇದ್ರೆ ಒಂದು ದಿನದ ಟಿಕೇಟೇ ಸಾಕು."

ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ನಿಮಗೆ ವಸೂಲಾಯಿತೇ ಎಂದು ಅವರು ಕೇಳಿಬಿಡುವ ಮೊದಲೇ ಖಾಲಿ ಬಕೆಟ್ಟು ಎತ್ತಿಕೊಂಡು ಬೇಗ ಇಳಿದುಬಂದೆ.

ನಮ್ಮವರು ಟೂರಿಸ್ಟ್ ಕಾರಿನ ಡ್ರೈವರ್. ಆಗಿದ್ದವರು ಎನ್ನಬೇಕು. ನನ್ನ ತವರು ಭದ್ರಾವತಿಯ ಕಾಗದನಗರ. ಅಪ್ಪ ಮಿಲ್ಲಿನಲ್ಲಿದ್ದರು, ನಾನು ಓದಿದ್ದು ಅಲ್ಲಿನ ಕನ್ನಡ ಶಾಲೆಯಲ್ಲಿ. ಮದುವೆಯಾದಾಗ ಇವರು ಭದ್ರಾವತಿ ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸುತ್ತಿದ್ದರು. ಆಮೇಲೆ ಶಿವಮೊಗ್ಗಕ್ಕೆ ಬಂದು ಆಲ್ಕೊಳದಲ್ಲಿ ಮನೆ ಹಿಡಿದೆವು. ಗಾಡಿಯನ್ನು ಬಾಡಿಗೆಗೆ ಕರೆದವರನ್ನು ಡ್ರೈವರುಗಳು ಪಾರ್ಟಿ ಎನ್ನುತ್ತಾರೆ. ಒಬ್ಬನೇ ಇದ್ದರೂ ಪಾರ್ಟಿ, ಹನ್ನೆರಡು ಜನರಿದ್ದರೂ ಪಾರ್ಟಿ. ವರ್ಷಕ್ಕೆ ನಾಲ್ಕೈದು ಪಾರ್ಟಿಗಳನ್ನಾದರೂ ಇವರು ಆ ಥೀಮ್ ಪಾರ್ಕಿಗೆ ಕರೆದೊಯ್ದಿದ್ದಾರೆ. ಪಾರ್ಟಿಯನ್ನು ಹೋಟೆಲಿನ ಬಾಗಿಲಲ್ಲಿ ಇಳಿಸುವುದು, ಗಾಡಿಯನ್ನು ಹಿಂದಕ್ಕೆ ಒಯ್ದು ನಿಲ್ಲಿಸುವುದು, ಡ್ರೈವರುಗಳಿಗಿದ್ದ ತಗಡಿನ ಶೆಡ್ಡಿನಲ್ಲಿ ಉಂಡು ಮಲಗಿ, ಮಾರನೇ ದಿನ ಅದೇ ಬಾಗಿಲಲ್ಲಿ ಹತ್ತಿಸಿಕೊಳ್ಳುವುದು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಒಮ್ಮೆಯೂ ಆ ಬಾಗಿಲು ದಾಟಿದವರಲ್ಲ.

ಹಾಗಿದ್ದೂ ಮಗಳು ಚಿಕ್ಕವಳಿದ್ದಾಗ ಅದರ ಒಳಗನ್ನು ಅವಳಿಗೆ ವರ್ಣಿಸುತ್ತಿದ್ದರು. ಗಾಜಿನ ಲಿಫ್ಟಂತೆ. ಗೋಡೆಯಷ್ಟು ದೊಡ್ಡ ಮೀನಿನ ತೊಟ್ಟಿಯಂತೆ. ಕೂತರೆ ಸೊಂಟದವರೆಗೆ ಮುಳುಗುವ ಹಾಸಿಗೆಯಂತೆ. ಎಲ್ಲವೂ ಗಾಡಿಯ ಹಿಂದಿನ ಸೀಟಿನಿಂದ ಕಿವಿಗೆ ಬಿದ್ದದ್ದು, ಮೇಲೆ ಒಂದಿಷ್ಟು ಇವರೇ ಸೇರಿಸಿದ್ದು. "ಹೋಗುವಾಗ ಪಾರ್ಟಿ ಏನೇನು ಮಾಡೋಣ ಅಂತ ಮಾತಾಡುತ್ತೆ, ಬರುವಾಗ ವಸೂಲಾಯ್ತಾ ಅಂತ ಮಾತಾಡುತ್ತೆ," ಎನ್ನುತ್ತಿದ್ದರು. ಒಂದೇ ದಿನದ ಟಿಕೇಟಿನವರು ತುಮಕೂರು ಬರುವುದರೊಳಗೆ ನಿದ್ದೆ ಹೋಗುತ್ತಿದ್ದರಂತೆ. ಹೋಟೆಲಿನಲ್ಲಿ ಉಳಿದವರು ಅರಸೀಕೆರೆಯವರೆಗೂ ಗಂಡ ಹೆಂಡತಿ ಜಗಳ. ಆ ತಿಂಡಿ ತಿನ್ನಲಿಲ್ಲ, ಈ ಆಟ ಆಡಲಿಲ್ಲ, ದುಡ್ಡೆಲ್ಲ ಮಲಗಿ ಕಳೆದೆವು ಎಂದು. ಜಾಸ್ತಿ ಕೊಟ್ಟವರಿಗೇ ಕಮ್ಮಿ ಸಿಕ್ಕಿತು ಅನ್ನಿಸುವುದು ಯಾಕೋ ಎಂದು ನಗುತ್ತಿದ್ದರು.

ಶುಗರ್ ಮೊದಲು ಅವರ ಎಡಗಣ್ಣನ್ನು ತೆಗೆದುಕೊಂಡಿತು. ನಮಗೆ ಗೊತ್ತಾಗುವಷ್ಟರಲ್ಲಿ ಅದು ಮುಗಿದಿತ್ತು. ಬಲಗಣ್ಣು ಅರ್ಧಂಬರ್ಧ ಉಳಿದಿತ್ತು, ಅದಕ್ಕೆ ತಿಂಗಳಿಗೊಂದು ಇಂಜೆಕ್ಷನ್. ಗುಡ್ಡೆಗೇ ಚುಚ್ಚುವುದು. ಶಿವಮೊಗ್ಗದ ಆ ಆಸ್ಪತ್ರೆಗೆ ಇಂಜೆಕ್ಷನ್ ಕೊಡುವ ಡಾಕ್ಟರು ಬರುತ್ತಿದ್ದುದು ಗುರುವಾರ ಮಾತ್ರ. "ಇದು ಇರೋದನ್ನ ಉಳಿಸೋಕೆ, ಹೋಗಿದ್ದನ್ನ ತರೋಕಲ್ಲ. ತಾರೀಖು ತಪ್ಪಿಸ್ಬೇಡಿ," ಎಂದು ಪ್ರತಿ ಸಲ ಹೇಳಿ ಮುಂದಿನ ತಾರೀಖಿನ ಚೀಟಿ ಕೊಡುತ್ತಿದ್ದರು. ಗಾಡಿ ಮಾರಿಯಾಗಿತ್ತು. ಒಂದು ಕಣ್ಣಾದರೂ ಇದೆಯಲ್ಲ ಎಂದು ನಾನು ಪ್ರತಿ ನಮಾಜಿನ ಕೊನೆಗೂ ಅಲ್ಲಾಹನಿಗೆ ಶುಕ್ರ್ ಹೇಳುತ್ತಿದ್ದೆ.

ಮಗಳನ್ನು ಭದ್ರಾವತಿಗೇ ಕೊಟ್ಟಿದ್ದೇವೆ. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಅವಳದು, ದಿನಾ ಬಸ್ಸಿನಲ್ಲಿ ಓಡಾಟ. ಒಂದು ಸಂಜೆ ಮಂಡಿಯಿಂದ ನೇರ ನಮ್ಮ ಮನೆಗೆ ಬಂದು ಅಪ್ಪನ ಮೂಗಿನ ಹತ್ತಿರ ಫೋನು ಹಿಡಿದಳು.

"ಅಬ್ಬಾ, ನಿಮ್ಮ ಹೋಟ್ಲು. ರೂಮ್ ಬುಕ್ ಮಾಡಿದೀನಿ, ನಾವು ಮೂರೂ ಜನಕ್ಕೆ. ಒಂದು ವರ್ಷದಿಂದ ಕೂಡಿಡ್ತಿದ್ದೆ. ಬೇಡ ಅನ್ಬೇಡಿ, ಅಂದ್ರೂ ಕೇಳಲ್ಲ."

"ಯಾವತ್ತಿಗೆ?"

ತಾರೀಖು ಹೇಳಿದಳು. ಆಫರಿನಲ್ಲಿ ಸಿಕ್ಕ ರೂಮು, ತಾರೀಖು ಬದಲಿಸುವಂತಿಲ್ಲ, ಹೋಗದಿದ್ದರೆ ದುಡ್ಡು ವಾಪಸ್ಸಿಲ್ಲ. ಅದು ಗುರುವಾರ. ಇಂಜೆಕ್ಷನ್ನಿನ ಗುರುವಾರ.

ಚೀಟಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿತ್ತು. ಮಗಳು ಕೈಕಾಲು ತೊಳೆಯಲು ಬಚ್ಚಲಿಗೆ ಹೋದ ಕೂಡಲೇ ಇವರು ಎದ್ದು, ಗೋಡೆ ತಡವಿ, ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡರು. ನಾನು ನೋಡುತ್ತಾ ನಿಂತಿದ್ದೆ. ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದರು:

"ಅವಳಿಗೆ ಹೇಳ್ಬೇಡ."

"ತಾರೀಖು ತಪ್ಪಿಸ್ಬೇಡಿ ಅಂದಿದಾರಲ್ರೀ."

"ಎರಡು ತಿಂಗಳ ಹಿಂದೆ ಆ ಡಾಕ್ಟ್ರೇ ಒಂದು ಗುರುವಾರ ಬರ್ಲಿಲ್ಲ. ಏನಾಯ್ತು? ಮುಂದಿನ ವಾರ ಚುಚ್ಚಿದ್ರು, ಮುಗೀತು. ಈಗ್ಲೂ ಮುಂದಿನ ವಾರ ಹೋಗೋಣ."

"ಬುಕಿಂಗ್ ಬಿಟ್ಟುಬಿಡೋಣ. ಹೋಟ್ಲು ಎಲ್ಲೂ ಓಡಿಹೋಗಲ್ಲ."

"ಹೋಟ್ಲು ಓಡಲ್ಲ ಕಣೇ. ಕಣ್ಣು ಓಡ್ತಿದೆ."

ಯಾವ ದಾರಿ ಹಿಡಿಯಬೇಕೆಂದು ತಿಳಿಯದಾಗ ಮಾಡುವ ಇಸ್ತಿಖಾರಾ ನಮಾಜು ನಮ್ಮಲ್ಲಿದೆ. ಎರಡು ರಕಾತ್ ಮಾಡಿ, ಒಳ್ಳೆಯದರ ಕಡೆಗೆ ಮನಸ್ಸನ್ನು ತಿರುಗಿಸು ಎಂದು ಬೇಡಿಕೊಳ್ಳುವುದು. ಮಾಡಿದೆ. ಮನಸ್ಸು ಹಗುರವಾಯಿತು, ಹೋಗಬಹುದು ಅನ್ನಿಸಿತು. ಅದು ಮೇಲಿನಿಂದ ಬಂದ ಉತ್ತರವೋ, ಆ ಹೋಟೆಲನ್ನು ನಾನೂ ನೋಡಬೇಕೆಂದು ಎಷ್ಟೋ ವರ್ಷದಿಂದ ಒಳಗಿದ್ದ ಆಸೆಯೋ, ಆಗ ಬಿಡಿಸಿ ನೋಡಲಿಲ್ಲ. ಈಗ ನೋಡಬಲ್ಲೆ. ಅಲ್ಲಾಹನ ಹೆಸರು ಹೇಳಿ ನನ್ನ ಆಸೆಯನ್ನೇ ಕೇಳಿಸಿಕೊಂಡಿದ್ದೆ.

ಬೆಳಗಿನ ರೈಲಿನಲ್ಲಿ ಹೊರಟೆವು. ಬೆಂಗಳೂರಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದಾಗ ಇವರು ಮುಂದಿನ ಸೀಟಿನಲ್ಲಿ ಕೂತರು. ಐದು ನಿಮಿಷವೂ ಸುಮ್ಮನಿರಲಿಲ್ಲ.

"ಥರ್ಡಲ್ಲೇ ಎಳೀತಿದೀಯಲ್ಲಪ್ಪಾ, ಫೋರ್ತ್ ಹಾಕು. ಗಾಡಿ ನಿಂದಾ, ಓನರ್ದಾ?"

"ನಂದೇ ಅಂಕಲ್."

"ಹಾಗಾದ್ರೆ ನೀನೇ ಅದಕ್ಕೆ ದುಶ್ಮನ್."

ಆ ಹುಡುಗನೂ ನಕ್ಕ, ನಾವೂ ನಕ್ಕೆವು. ಹೋಟೆಲಿನ ಬಾಗಿಲಲ್ಲಿ ಗಾಡಿ ನಿಂತಿತು. ಇವರು ಚಕ್ಕನೆ ಇಳಿದರು. ಕಣ್ಣು ಸರಿಯಿಲ್ಲದವರು ಅಷ್ಟು ಬೇಗ ಹೇಗೆ ಇಳಿದರೋ. ಹಿಂದೆ ಹೋಗಿ ಡಿಕ್ಕಿ ತೆಗೆದು, ಮೂರೂ ಬ್ಯಾಗು ಸಾಲಾಗಿ ಇಟ್ಟು, ಕಂಬದ ಪಕ್ಕಕ್ಕೆ ಸರಿದು ಕೈಕಟ್ಟಿ ನಿಂತರು. ನಾವು ಕಾದೆವು. ಅವರೂ ಕಾದರು.

"ಬನ್ನಿ ಅಬ್ಬಾ," ಎಂದಳು ಮಗಳು.

"ನೀವು ಹೋಗಿ, ನಾನು ಗಾಡಿ..." ಎಂದವರು ಅಲ್ಲೇ ನಿಲ್ಲಿಸಿದರು.

ಮಗಳು ಹೋಗಿ ಕೈ ಹಿಡಿದಳು. "ಈ ಸಲ ನಾವೇ ಪಾರ್ಟಿ ಅಬ್ಬಾ."

ಬಾಗಿಲ ಗಾರ್ಡು ಸೆಲ್ಯೂಟ್ ಹೊಡೆಯುವ ಮೊದಲೇ ಇವರು ಅವನಿಗೆ ಸಲಾಮು ಮಾಡಿದರು.

ರೂಮು ಕೊಡುವುದು ಎರಡು ಗಂಟೆಗೆ ಎಂದರು. ಅಲ್ಲಿಯವರೆಗೆ ಕೆಳಗಿನ ಹಾಲಿನಲ್ಲಿ ಕೂತೆವು. ಲಿಫ್ಟು ಗಾಜಿನದಲ್ಲ, ಎಲ್ಲ ಕಡೆ ಇರುವಂಥ ಸ್ಟೀಲಿನದು. ಮೀನಿನ ತೊಟ್ಟಿ ಇತ್ತು, ಆದರೆ ನಮ್ಮ ಮನೆಯ ಬೀರುವಿನಷ್ಟು.

"ಹಿಂದಿನ ಸೀಟಿನೋರು ಸುಳ್ಳು ಹೇಳಿದಾರೆ," ಎಂದರು.

"ಅವ್ರು ಹೇಳಿದ್ದಾ, ನೀವು ಹೇಳಿದ್ದಾ?" ಎಂದು ಮಗಳು ಛೇಡಿಸಿದಳು.

ತೊಟ್ಟಿಯ ಗಾಜಿಗೆ ಬಲಗಣ್ಣು ತಾಗುವಷ್ಟು ಹತ್ತಿರ ನಿಂತು ಮೀನು ನೋಡಿದರು. ಹಳದಿ ಪಟ್ಟೆಯವು ನಾಲ್ಕಿವೆ ಎಂದರು. ಐದಿದ್ದವು. ನಾನು ತಿದ್ದಲಿಲ್ಲ.

ಆ ಹೋಟೆಲಿನಿಂದ ನನಗೆ ಸಿಕ್ಕ ಸುಖವನ್ನೂ ಹೇಳಿಬಿಡುತ್ತೇನೆ. ಪ್ರಯಾಣದಲ್ಲಿ ನಮಾಜಿಗೆ ಜಾಗ ಹುಡುಕುವುದು ಹೆಂಗಸರಿಗೆ ದೊಡ್ಡ ಕಷ್ಟ. ಬಸ್ ಸ್ಟ್ಯಾಂಡಿನ ಮೂಲೆ, ಪೆಟ್ರೋಲ್ ಬಂಕಿನ ಹಿಂಭಾಗ, ಎಲ್ಲ ಕಡೆ ಮಾಡಿದ್ದೇನೆ. ಇಲ್ಲಿ ಬೆಳ್ಳಗಿನ ಬಚ್ಚಲಿನಲ್ಲಿ ಬಿಸಿನೀರಿನಲ್ಲಿ ಕೈಕಾಲು ಮುಖ ತೊಳೆದು ವಜೂ ಮಾಡಿ, ಫೋನಿನಲ್ಲಿ ಕಿಬ್ಲಾದ ದಿಕ್ಕು ನೋಡಿಕೊಂಡು, ಬಾಗಿಲು ಹಾಕಿ, ಐದು ಹೊತ್ತೂ ಸಮಯಕ್ಕೆ ಸರಿಯಾಗಿ ಮಾಡಿದೆ. ಈಜುಕೊಳಕ್ಕೆ ಮಾತ್ರ ಅವರು ಹೇಳುವ ಕಾಸ್ಟ್ಯೂಮ್ ಹಾಕಿಯೇ ಇಳಿಯಬೇಕು ಎಂದರು. ನಾನು ಬುರ್ಖಾದಲ್ಲೇ ದಡದ ಕುರ್ಚಿಯಲ್ಲಿ ಕೂತು ಅಪ್ಪ ಮಗಳು ಕಾಲು ಇಳಿಬಿಟ್ಟು ಕೂತಿದ್ದನ್ನು ನೋಡಿದೆ. ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಕೆಳಗಿಳಿದಾಗ ಬಣ್ಣದ ದೀಪಗಳ ಕಾರಂಜಿ ಹಾಕಿದರು. ಇವರು ಕಡೆಯ ಹನಿಯವರೆಗೂ ನಿಂತೇ ನೋಡಿ, "ಇನ್ನೊಂದ್ ಸಲ ಬಿಡ್ತಾರಾ?" ಎಂದು ಕೇಳಿದರು. ಬಿಟ್ಟರು. ಅದನ್ನೂ ನಿಂತೇ ನೋಡಿದರು.

ಹೋಟೆಲಿನಲ್ಲಿ ಉಳಿದವರನ್ನು ಬೆಳಿಗ್ಗೆ ಪಾರ್ಕಿಗೆ ಬೇರೆಯವರಿಗಿಂತ ಅರ್ಧ ಗಂಟೆ ಮುಂಚೆ ಬಿಡುತ್ತಾರೆ. ಸಾಲಿನಲ್ಲಿ ನಿಲ್ಲಲು ಮಗಳು ಮೊದಲೇ ಇಳಿದುಹೋದಳು. ಇವರು ಬಾಲ್ಕನಿಯಲ್ಲಿ ಕೂತಿದ್ದರು.

"ಯಾರೋ ಕಸಕ್ಕೆ ಬೆಂಕಿ ಹಚ್ಚಿದಾರೆ ನೋಡು. ಇಷ್ಟು ದುಡ್ಡಿನ ಹೋಟ್ಲಲ್ಲೂ ಹೊಗೆ."

ಹೋಗಿ ನೋಡಿದೆ. ಆಕಾಶ ತಿಳಿಯಾಗಿತ್ತು. ಮಾಲಿ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ. ಸುಟ್ಟ ವಾಸನೆಯೂ ಇಲ್ಲ.

"ಎಲ್ಲಿದೆ ಹೊಗೆ?"

"ಇಲ್ಲೇ, ಮುಂದೇನೇ. ಮೇಲಿಂದ ಕೆಳಗೆ ಇಳೀತಿದೆ."

ಹೊಗೆ ಇಳಿಯುವುದಿಲ್ಲ. ಹೇಳುತ್ತಾ ಹೇಳುತ್ತಾ ಅವರಿಗೇ ಅದು ಗೊತ್ತಾಯಿತು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನಾನು ಫೋನು ಕೈಗೆತ್ತಿಕೊಂಡೆ. ನನ್ನ ಮಣಿಕಟ್ಟು ಹಿಡಿದರು.

"ಸಂಜೆವರೆಗೆ ಸುಮ್ನಿರು. ಒಂದು ವರ್ಷ ಕೂಡಿಟ್ಟಿದಾಳೆ."

ಎರಡನೇ ಸಲವೂ ಸುಮ್ಮನಾದೆ. ಇಡೀ ದಿನ ನನ್ನ ಮೊಣಕೈ ಹಿಡಿದು ನಡೆದರು. ಮಗಳು ತೋರಿಸಿದ್ದಕ್ಕೆಲ್ಲ "ಚೆನ್ನಾಗಿದೆ, ಚೆನ್ನಾಗಿದೆ" ಎಂದರು. ಅವಳು ತೆಗೆದ ಫೋಟೋಗಳು ಈಗಲೂ ನನ್ನ ಫೋನಿನಲ್ಲಿವೆ. ಎಲ್ಲದರಲ್ಲೂ ನಗುತ್ತಿದ್ದಾರೆ, ಎಲ್ಲದರಲ್ಲೂ ಕ್ಯಾಮೆರಾದಿಂದ ಒಂದಿಷ್ಟು ಪಕ್ಕಕ್ಕೆ ನೋಡುತ್ತಿದ್ದಾರೆ. ವಾಪಸ್ಸು ರೈಲಿನಲ್ಲಿ ಮಗಳು ನೀರಿನ ಬಾಟಲಿ ಚಾಚಿದಾಗ ಇವರ ಕೈ ಗಾಳಿಯಲ್ಲಿ ಹುಡುಕಿತು. ಅವಳಿಗೆ ಗೊತ್ತಾಯಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಮಾರನೇ ಬೆಳಿಗ್ಗೆಯೇ ಆಸ್ಪತ್ರೆಗೆ ಓಡಿದೆವು. ಅಂದು ಇದ್ದ ಡಾಕ್ಟರಮ್ಮ ಕಣ್ಣೊಳಗೆ ರಕ್ತನಾಳ ಒಡೆದು ರಕ್ತ ತುಂಬಿದೆ ಎಂದರು. ಫೈಲು ತಿರುವಿ, "ಗುರುವಾರ ಇಂಜೆಕ್ಷನ್ ಇತ್ತಲ್ಲ, ಯಾಕ್ ಬರ್ಲಿಲ್ಲ?" ಎಂದು ಕೇಳಿದರು. ಮಗಳು ನನ್ನ ಕಡೆ ತಿರುಗಿದಳು.

"ಅಮ್ಮಿ, ನಿಮಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ.

ಡಾಕ್ಟರಮ್ಮ ಒಳ್ಳೆಯವರು. ಎರಡು ದಿನ ತಡವಾದ್ದರಿಂದಲೇ ಹೀಗಾಯಿತು ಎನ್ನಲಾಗದು, ಮನೆಯಲ್ಲಿದ್ದರೂ ಆಗಬಹುದಿತ್ತು ಎಂದರು. ಆಗದೆಯೂ ಇರಬಹುದಿತ್ತು ಎಂಬುದನ್ನು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೊರಗಿನ ಬೆಂಚಿನಲ್ಲಿ ಮಗಳು ಒಂದೇ ಮಾತು ಆಡಿದಳು: "ಒಂದು ಸಲ ಹೇಳಿದ್ರೆ ಆ ದುಡ್ಡು ಹೋಗ್ಲಿ ಅಂತಿದ್ದೆ ಅಮ್ಮಿ." ಬೈದಿದ್ದರೆ ಚೆನ್ನಾಗಿತ್ತು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ರಕ್ತ ತೆಗೆದರು, ಆದರೆ ಒಳಗಿನ ಪರದೆಯೇ ಹಾಳಾಗಿದೆ ಎಂದರು. ಡ್ರಾಪ್ಸ್ ಹಾಕುತ್ತಿರಿ, ನೋಡೋಣ ಎಂದು ಕಳಿಸಿದರು. ಕಿಟಕಿ ತೆಗೆದರೆ ಬೆಳಕು ಎನ್ನುತ್ತಾರೆ, ಮುಚ್ಚಿದರೆ ಗೊತ್ತಾಗುತ್ತದೆ. ಬಚ್ಚಲಲ್ಲಿ ಇದುವರೆಗೆ ಜಾರಿ ಬಿದ್ದಿಲ್ಲ. ಫಜ್ರ್ ಆಜಾನಿಗೆ ನನಗಿಂತ ಮೊದಲು ಏಳುತ್ತಾರೆ. ಕಾರಂಜಿಯನ್ನು ಎರಡು ಸಲ ನೋಡಿದರು. ಹೀಗೆ ನಾನು ಪ್ರತಿ ದಿನ ಶುಕ್ರ್ ಹೇಳಬೇಕಾದ್ದನ್ನೆಲ್ಲ ಎಣಿಸುತ್ತೇನೆ. ಎಣಿಕೆ ಬೇಗ ಮುಗಿಯುತ್ತದೆ.

ಪ್ರತಿ ಭಾನುವಾರ ಮಗಳು ಭದ್ರಾವತಿಯಿಂದ ಬರುತ್ತಾಳೆ. ಅಪ್ಪನ ಕಣ್ಣು ಒರೆಸಿ ಡ್ರಾಪ್ಸ್ ಹಾಕುತ್ತಾಳೆ. ನನ್ನ ಜೊತೆ ಬೇಕಾದಷ್ಟೇ ಮಾತು, ಅದೂ ಮುಖ ನೋಡದೆ. ಡ್ರಾಪ್ಸ್ ಹಾಕಿದ ಮೇಲೆ ಕಣ್ಣಿನ ಮುಂದೆ ಬೆರಳು ಹಿಡಿದು ಎಷ್ಟು ಎಂದು ಕೇಳಬೇಕೆಂದು ಡಾಕ್ಟರು ಹೇಳಿದ್ದಾರೆ. ಮೊದಮೊದಲು ಒಂದೊಂದು ಸರಿಯಾಗುತ್ತಿತ್ತು.

ಹೋದ ಭಾನುವಾರ ಅವಳು ಡ್ರಾಪ್ಸ್ ಹಾಕಿ, ಎರಡೂ ಕೈಯಲ್ಲಿ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಕೈ ಇನ್ನೂ ಎತ್ತಿರಲಿಲ್ಲ.

"ಎರಡು," ಎಂದರು ಇವರು. "ಸರಿನಾ?"

ಮಗಳು ತಲೆಯೆತ್ತಿ ನೇರವಾಗಿ ನನ್ನನ್ನು ನೋಡಿದಳು.

"ಸರಿ ಅಬ್ಬಾ," ಎಂದಳು. "ಎರಡೇ."

"ನೋಡಿದ್ಯಾ," ಎಂದು ಇವರು ನಾನು ಇರಬಹುದಾದ ಕಡೆಗೆ ತಿರುಗಿ ನಕ್ಕರು. "ಬರ್ತಾ ಇದೆ."

"ಹೌದು," ಎಂದೆ.