ದಾರದಲ್ಲಿ ಕತ್ತರಿಸಿದ ಮೊಟ್ಟೆ

ಕೋವಿಡ್ ಬರುವುದಕ್ಕೆ ಹಿಂದಿನ ಚಳಿಗಾಲದಲ್ಲಿ ನಾನು ಕೋಲ್ಕತ್ತಾದ ಕಸ್ಬಾದ ಒಂದು ದತ್ತು ಕೇಂದ್ರದಲ್ಲಿ ಹಿರಿಯ ಸೋಷಿಯಲ್ ವರ್ಕರ್ ಆಗಿದ್ದೆ. ಹುಟ್ಟೂರು ಮೈಸೂರು. ರೈಲ್ವೆಯಲ್ಲಿದ್ದ ಗಂಡನ ಜೊತೆ ಈ ಊರಿಗೆ ಬಂದು ಆಗಲೇ ಇಪ್ಪತ್ತಾರು ವರ್ಷವಾಗಿತ್ತು. ಬಂಗಾಳಿ ಓದಲು, ಬರೆಯಲು, ಟ್ಯಾಕ್ಸಿಯವರ ಜೊತೆ ಜಗಳವಾಡಲು ಕಲಿತಿದ್ದೆ. ಇಲ್ಲಿನ ಅಡುಗೆಮನೆಯನ್ನು ಮಾತ್ರ ಕಲಿತಿರಲಿಲ್ಲ. ನಮ್ಮದು ಸಸ್ಯಾಹಾರಿಗಳ ಮನೆ, ಒಂದು ದಿನವೂ ಮೊಟ್ಟೆ ಬೇಯಿಸಿದವಳಲ್ಲ ನಾನು. ಇದನ್ನು ಮೊದಲೇ ಹೇಳಲು ಕಾರಣವಿದೆ. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಒಂದು ಬೇಯಿಸಿದ ಮೊಟ್ಟೆಗೆ ಸಂಬಂಧಿಸಿದ್ದು.

ಆ ಚಳಿಗಾಲ ಸಿಯಾಲ್ದಾ ಸ್ಟೇಷನ್ನಿನಲ್ಲಿ ಒಂಟಿಯಾಗಿ ಅಲೆಯುತ್ತಿದ್ದ ಐದು ವರ್ಷದ ಹುಡುಗಿಯೊಬ್ಬಳನ್ನು ರೈಲ್ವೆ ಪೊಲೀಸರು ಹಿಡಿದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಂದರು. ಸಮಿತಿ ಅವಳನ್ನು ನಮ್ಮಲ್ಲಿಗೆ ಕಳಿಸಿತು. ಹೆಸರು ಟುಂಪಾ. ಅದೊಂದು ಬಿಟ್ಟರೆ ಮೂರು ತಿಂಗಳು ಅವಳ ಬಾಯಿಂದ ಹೆಚ್ಚು ಮಾತು ಹೊರಡಲಿಲ್ಲ. ಅಪ್ಪ ಯಾರು, ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಮೊದಲ ವಾರ ಎರಡು ಸಲ ಗೇಟಿನ ಹತ್ತಿರ ಹೋಗಿ ಕಾವಲುಗಾರನ ಅಂಗಿ ಜಗ್ಗಿ, 'ಸ್ಟೇಷನ್ ಜಾಬೋ', ಸ್ಟೇಷನ್ನಿಗೆ ಹೋಗಬೇಕು ಎಂದಿದ್ದಳಂತೆ. ಅವನು ಎತ್ತಿಕೊಂಡು ಬಂದು ಒಳಗೆ ಬಿಟ್ಟಿದ್ದ.

ನಮ್ಮಲ್ಲಿ ವಾರಕ್ಕೆ ಎರಡು ದಿನ ಮಕ್ಕಳಿಗೆ ತಲೆಗೊಂದು ಮೊಟ್ಟೆ. ಟುಂಪಾ ಫ್ರಾಕಿನ ಅಂಚಿನಿಂದ ಒಂದೆಳೆ ದಾರ ಕಿತ್ತು, ಮೊಟ್ಟೆಗೆ ಸುತ್ತಿ ಎಳೆದು, ಸರಿಯಾಗಿ ಎರಡು ಹೋಳು ಮಾಡುತ್ತಿದ್ದಳು. ಒಂದನ್ನು ತಿಂದು ಇನ್ನೊಂದನ್ನು ಕಾಗದದಲ್ಲಿ ಕಟ್ಟಿ ದಿಂಬಿನ ಕೆಳಗೆ ಇಡುತ್ತಿದ್ದಳು. ಮೂರನೆಯ ದಿನ ವಾಸನೆ ಬಂದಾಗ ಆಯಾಗಳು ಬೈದು ಎಸೆಯುತ್ತಿದ್ದರು. ಬಿಸ್ಕತ್ತು ಕೊಟ್ಟರೂ ಅಷ್ಟೇ, ಅರ್ಧ ದಿಂಬಿನ ಕೆಳಗೆ.

ದತ್ತು ಹೋಗುವ ಪ್ರತಿ ಮಗುವಿಗೂ ನಾವು 'ಚೈಲ್ಡ್ ಸ್ಟಡಿ ರಿಪೋರ್ಟ್' ಬರೆಯಬೇಕು. ಮಗುವಿನ ಹಿನ್ನೆಲೆ, ಸ್ವಭಾವ, ಅಭ್ಯಾಸಗಳ ವರದಿ ಅದು. ಅದನ್ನು ನೋಡಿಯೇ ತಂದೆತಾಯಿ ಆಗುವವರು ಒಪ್ಪುವುದೋ ಬಿಡುವುದೋ ಮಾಡುತ್ತಾರೆ. ಟುಂಪಾಳ ವರದಿಯಲ್ಲಿ ನಾನು ಬರೆದ ನಾಲ್ಕು ಸಾಲು ಇಂದಿಗೂ ಬಾಯಿಪಾಠ: 'ಆಹಾರ ಬಚ್ಚಿಡುವ ಅಭ್ಯಾಸವಿದೆ. ಇದು ಆಶ್ರಯಧಾಮದ ಮಕ್ಕಳಲ್ಲಿ ಸಾಮಾನ್ಯ, ಪ್ರೀತಿ ಸಿಕ್ಕರೆ ಹೋಗುತ್ತದೆ. ಓಡಿಹೋಗುವ ಪ್ರವೃತ್ತಿ ಇತ್ತು, ಈಗ ಕಡಿಮೆಯಾಗಿದೆ. ಒಡಹುಟ್ಟಿದವರು ಇರುವ ಮಾಹಿತಿ ಇಲ್ಲ.' ತರಬೇತಿಯಲ್ಲಿ ಕಲಿಸಿದ್ದೂ ಅದನ್ನೇ. ಬರೆದು ಮುಗಿಸಿ, ಚೆನ್ನಾಗಿ ಗಮನಿಸಿದ್ದೇನೆ ಎಂದು ಬೀಗಿದ್ದೆ ಕೂಡ. ನನ್ನ ಬುದ್ಧಿಗೆ ಅಷ್ಟು ಮಂಕು ಬಡಿದಿತ್ತು.

ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆವು, ಪೊಲೀಸರು ಹುಡುಕಿದರು, ಯಾರೂ ಬರಲಿಲ್ಲ. ಸಮಿತಿ ಅವಳನ್ನು ದತ್ತುವಿಗೆ ಮುಕ್ತಳೆಂದು ಘೋಷಿಸಿತು. ನ್ಯೂಜಿಲೆಂಡಿನಲ್ಲಿ ನೆಲೆಸಿದ್ದ ಮಂಗಳೂರಿನ ಕ್ರೈಸ್ತ ದಂಪತಿ ರೋಶನ್ ಮತ್ತು ಲವೀನಾ ಅವಳನ್ನು ಒಪ್ಪಿದರು. ಮನೆಮಾತು ಕೊಂಕಣಿಯಾದರೂ ನನ್ನ ಹತ್ತಿರ ಕನ್ನಡದಲ್ಲೇ ಮಾತು. ಕೋವಿಡ್‌ನಿಂದ ಎಲ್ಲ ನಿಂತು, ಅವರು ಬಂದು ಕರೆದುಕೊಂಡು ಹೋಗುವಾಗ ಟುಂಪಾಳಿಗೆ ಏಳು ನಡೆಯುತ್ತಿತ್ತು. ಹೊರಡುವ ದಿನ ಲವೀನಾ ನನ್ನ ಕೈ ಹಿಡಿದು, "ಆ ಅರ್ಧ ತೆಗೆದಿಡುದನ್ನು ನಾನು ಬಿಡಿಸ್ತೇನೆ ಮೇಡಂ, ನೀವು ಎಂತ ಚಿಂತೆ ಮಾಡ್ಬೇಡಿ" ಎಂದಳು. ನಾನೂ ನಕ್ಕೆ.

ಹತ್ತು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಲವೀನಾಳ ಫೋನು. ಅಲ್ಲಿ ಆಗ ಸಂಜೆ.

"ಮೇಡಂ, ನಮ್ಮಲ್ಲಿ ದಿನಾ ಸಂಜೆ ತೇರ್ಸ್ ಆದ ಮೇಲೆ ಒಬ್ಬೊಬ್ರು ಒಂದೊಂದು ಹೆಸರು ಹೇಳ್ಲಿಕ್ಕುಂಟು, ಯಾರಿಗೋಸ್ಕರ ಪ್ರಾರ್ಥನೆ ಅಂತ. ಇವಳು ಇಷ್ಟು ದಿನ ಸುಮ್ಮನೆ ಕೂತ್ಕೊಳ್ತಿದ್ಲು. ಇವತ್ತು ಹೇಳಿದ್ಲು, 'ಸ್ಟೇಷನ್‌ನಲ್ಲಿ ಕೂತಿರುವ ನನ್ನ ತಮ್ಮನಿಗೆ' ಅಂತ." ಅದೇ ಉಸಿರಿನಲ್ಲಿ ಕೇಳಿದಳು: "ಇವಳಿಗೆ ತಮ್ಮ ಉಂಟಾ ಮೇಡಂ? ನಿಮ್ಮ ರಿಪೋರ್ಟಲ್ಲಿ ಯಾರೂ ಇಲ್ಲ ಅಂತ ಉಂಟಲ್ಲ?"

ತೇರ್ಸ್ ಎಂದರೆ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಕೂತು ಮಾಡುವ ಜಪಮಾಲೆ ಪ್ರಾರ್ಥನೆ. ನನ್ನ ಎಂಟು ಪುಟದ ಫಾರ್ಮು ಕೇಳದೆ ಬಿಟ್ಟದ್ದನ್ನು ಆ ಮನೆಯ ಪ್ರಾರ್ಥನೆ ಕೇಳಿತ್ತು. ತುಂಡು ತುಂಡಾಗಿ ಟುಂಪಾ ಹೇಳಿದ್ದು ಇಷ್ಟು: ಈಗ ಬರುತ್ತೇನೆ ಎಂದು ಹೋದ ಅಮ್ಮ ಬರಲಿಲ್ಲ. ಎರಡು ವರ್ಷದ ತಮ್ಮ ಹಸಿವೆಂದು ಅಳುತ್ತಿದ್ದ. ಅವನನ್ನು ಪಾರ್ಸೆಲ್ ಮೂಟೆಗಳ ಹಿಂದೆ ಕೂರಿಸಿ, 'ಏಳಬೇಡ, ತಿನ್ನಲು ತರುತ್ತೇನೆ' ಎಂದು ಹೇಳಿ ಹೊರಟಳು. ಪೊಲೀಸರ ಕೈಗೆ ಸಿಕ್ಕಳು. ನಾವು ಹಿಡಿದಿಟ್ಟುಕೊಂಡೆವು. ಅಂದಿನಿಂದ ಅವನ ಪಾಲನ್ನು ತೆಗೆದಿಡುತ್ತಲೇ ಇದ್ದಾಳೆ.

ಫೋನಿಟ್ಟು ನಾನು ನೇರ ಅಡುಗೆಮನೆಗೆ ಹೋದೆ. ಹಳೆಯ ಆಯಾ ಶೆಫಾಲಿ ಮಾಸಿ ಅಕ್ಕಿ ಆರಿಸುತ್ತಿದ್ದಳು. ಮೊಟ್ಟೆಯನ್ನು ದಾರದಲ್ಲಿ ಯಾಕೆ ಕತ್ತರಿಸುತ್ತಾರೆ ಎಂದು ಕೇಳಿದೆ. ಇದೆಂಥ ಪ್ರಶ್ನೆ ಎನ್ನುವ ಹಾಗೆ ನೋಡಿದಳು. ಬಡವರ ಮನೆಯಲ್ಲಿ ಒಂದು ಮೊಟ್ಟೆಗೆ ಇಬ್ಬರು ಮಕ್ಕಳು ಇರುತ್ತಾರೆ, ಚಾಕುವಿನಲ್ಲಿ ಕೊಯ್ದರೆ ಹಳದಿ ಪುಡಿಯಾಗಿ ಒಬ್ಬರಿಗೆ ಕಡಿಮೆ ಬೀಳುತ್ತದೆ, ಅದಕ್ಕೇ ದಾರ ಎಂದಳು. "ಒಂಟಿ ಮಗು ಇರೋ ಮನೇಲಿ ದಾರ ಯಾಕೆ ಬೇಕು ದೀದಿ? ನಿಮಗೆ ಗೊತ್ತಿರಬಹುದು ಅಂದ್ಕೊಂಡೆ. ನೀವು ಕೇಳಲೂ ಇಲ್ಲ" ಎಂದು ಬಂಗಾಳಿಯಲ್ಲಿ ಹೇಳಿ ಮತ್ತೆ ಅಕ್ಕಿಗೆ ಕೈ ಹಾಕಿದಳು. ಥೂ ನನ್ನ ಜನ್ಮಕ್ಕೆ ಎನ್ನಿಸಿತು. ಇಪ್ಪತ್ತೇಳು ಮಕ್ಕಳು ಮೊಟ್ಟೆಯನ್ನು ಹಾಗೇ ಕಚ್ಚಿ ತಿನ್ನುತ್ತಿದ್ದಾಗ ಒಬ್ಬಳು ಮಾತ್ರ ದಾರ ಕೀಳುತ್ತಿದ್ದಳು. ನಾನು ಎದುರಿಗೇ ಪೆನ್ನು ಹಿಡಿದು ಕೂತಿದ್ದೆ.

ಮೂರು ವಾರ ಸಿಯಾಲ್ದಾಕ್ಕೆ ಓಡಾಡಿದೆ. ಪಾರ್ಸೆಲ್ ಹೊರುವವರು, ಚಹಾದವರು, ಲೋಕಲ್ ಟ್ರೈನಿನಲ್ಲಿ ಸೊಪ್ಪು ತರುವ ಹೆಂಗಸರು, ಎಲ್ಲರನ್ನೂ ಕೇಳಿದೆ. ಕೊನೆಗೆ ಒಬ್ಬ ಸೊಪ್ಪಿನವಳು ಸಿಕ್ಕಳು. ಮೂಟೆಯ ಹಿಂದೆ ಅಳುತ್ತಿದ್ದ ಮಗುವನ್ನು ಮಧ್ಯಾಹ್ನದವರೆಗೆ ಕಾದು ನೋಡಿ, ಕರುಳು ತಡೆಯದೆ ತನ್ನ ಊರಿಗೆ ಎತ್ತಿಕೊಂಡು ಹೋಗಿದ್ದಳು. ಒಂದು ವಾರ ಸಾಕಿ, ಹೆದರಿಕೆಯಾಗಿ ಅಲ್ಲಿನ ಠಾಣೆಗೆ ಒಪ್ಪಿಸಿದ್ದಳು. ಅದು ಬೇರೆ ಜಿಲ್ಲೆ, ಬೇರೆ ಸಮಿತಿ. ಮಗು ಸಿಕ್ಕ ಸ್ಥಳ ಎಂಬಲ್ಲಿ ಅವಳ ಹಳ್ಳಿಯ ಹೆಸರು ಬಿದ್ದಿತ್ತು. ಎರಡು ಕಡತಗಳು ಒಂದನ್ನೊಂದು ಮುಟ್ಟಲೇ ಇಲ್ಲ.

ಹುಡುಗ ಬದುಕಿದ್ದ. ಟುಂಪಾ ವಿಮಾನ ಹತ್ತುವುದಕ್ಕೆ ನಾಲ್ಕು ತಿಂಗಳ ಮುಂಚೆ ಕೋಲ್ಕತ್ತಾದ್ದೇ ಒಂದು ಕುಟುಂಬ ಅವನನ್ನು ದತ್ತು ತೆಗೆದುಕೊಂಡಿತ್ತು. ಅಕ್ಕ ತಮ್ಮಂದಿರು ಎಂದು ಗೊತ್ತಿದ್ದರೆ ಇಬ್ಬರನ್ನೂ ಒಂದೇ ಮನೆಗೆ ಕೊಡಬೇಕೆಂಬುದು ನಿಯಮ. ಗೊತ್ತಾಗುವ ಹಾಗೆ ಬರೆಯಬೇಕಾದವಳು ನಾನು.

ದತ್ತು ಆದೇಶವಾದ ಮೇಲೆ ಕಡತ ಗೋಪ್ಯ. ನಾನು ತಪ್ಪೊಪ್ಪಿಕೊಂಡು ಮೇಲಿನವರಿಗೆ ಬರೆದೆ. ಅವರು ಮಕ್ಕಳಿಬ್ಬರ ಭೇಟಿಗೆ ಆ ಕುಟುಂಬದ ಒಪ್ಪಿಗೆ ಕೇಳಲು ಅನುಮತಿ ಕೊಟ್ಟರು. ಹುಡುಗನ ತಂದೆ ಒಬ್ಬರೇ ಬಂದರು, ಮೆತ್ತಗಿನ ಮನುಷ್ಯ. ಪೂರ್ತಿ ಕೇಳಿಸಿಕೊಂಡು ಕಣ್ಣೊರೆಸಿಕೊಂಡರು. ಆಮೇಲೆ ಆಗುವುದಿಲ್ಲ ಎಂದರು. ಮಗುವಿಗೋಸ್ಕರ ಹಳೆಯ ಪಾಡಾ, ಅಂದರೆ ಹಳೆಯ ಕೇರಿ, ಬಿಟ್ಟು ಬೇರೆ ಕಡೆ ಮನೆ ಮಾಡಿದ್ದರಂತೆ. ಅಕ್ಕಪಕ್ಕದವರಿಗೆಲ್ಲ ಅವನು ಹೆತ್ತ ಮಗ. "ಅವನಿಗೇ ಗೊತ್ತಿಲ್ಲ ದೀದಿ. ಗೊತ್ತಾಗೋದೂ ಬೇಡ. ನನ್ನ ಹೆಂಡತಿ ಸತ್ತೇ ಹೋಗ್ತಾಳೆ." ಏಳುವ ಮುಂಚೆ, ನಾನು ಕೇಳದಿದ್ದರೂ, ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಹುಟ್ಟುಹಬ್ಬದ ಪಾಯಸದ ಬಟ್ಟಲು ಹಿಡಿದ ಹುಡುಗ. ಕೆನ್ನೆಗೆಲ್ಲ ಮೆತ್ತಿತ್ತು. ಟುಂಪಾಳದೇ ಹಣೆ, ಟುಂಪಾಳದೇ ಕಿವಿ.

ರೋಶನ್‌ಗೆ ಫೋನಿನಲ್ಲಿ ತಿಳಿಸಿದೆ: ಬದುಕಿದ್ದಾನೆ, ಒಂದು ಮನೆಯಲ್ಲಿದ್ದಾನೆ, ಎಲ್ಲಿ ಎಂದು ಹೇಳುವಂತಿಲ್ಲ. "ಇಬ್ರನ್ನೂ ಕರ್ಕೊಂಡು ಹೋಗ್ತಿದ್ದೆವಲ್ಲ ಮಾರಾಯ್ರೆ," ಎಂದರು ಅವರು. "ಒಂದು ಮಾತು ಅವಳತ್ರ ಸರಿಯಾಗಿ ಕೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು?"

ನಾನು ನಿವೃತ್ತಳಾಗುವ ವರ್ಷ ಅವರು ಮಗಳನ್ನು ಕರೆದುಕೊಂಡು ಬಂದರು. ಹತ್ತರ ಹುಡುಗಿ, ಉದ್ದವಾಗಿದ್ದಳು, ಬಂಗಾಳಿ ಮರೆತಿತ್ತು. ಶೆಫಾಲಿ ಮಾಸಿ ಊಟಕ್ಕೆ ಮೊಟ್ಟೆ ಸಾರು ಮಾಡಿದ್ದಳು. ಟುಂಪಾ ಬ್ಯಾಗಿನಿಂದ ದಾರದ ಉಂಡೆ ತೆಗೆದಳು. ಈಗ ಫ್ರಾಕಿನದನ್ನು ಕೀಳುವುದಿಲ್ಲ, ತಾನೇ ಕೊಡಿಸಿದ್ದೇನೆ ಎಂದಳು ಲವೀನಾ. ಬಿಡಿಸುತ್ತೇನೆ ಎಂದಿದ್ದವಳು ಅವಳೇ. ಮೊಟ್ಟೆ ಎರಡು ಹೋಳಾಯಿತು. ಒಂದು ತಿಂದಳು. ಇನ್ನೊಂದನ್ನು ತಟ್ಟೆಯ ಅಂಚಿಗೆ ಸರಿಸಿ ನನ್ನ ಮುಖ ನೋಡಿದಳು.

"ಅವನು ಊಟ ಮಾಡ್ತಿದ್ದಾನಾ ಆಂಟಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಾನು ಹೇಳಬಹುದಾಗಿದ್ದ ನಿಜ ಅದೊಂದೇ. "ಮಾಡ್ತಿದ್ದಾನೆ ಮಗಳೇ. ಹೊಟ್ಟೆ ತುಂಬ ತಿಂತಾನೆ. ನಾನೇ ಫೋಟೋ ನೋಡಿದೀನಿ."

"ಹಾಗಾದ್ರೆ ಇದು ಅವನಿಗೆ ಬೇಡ," ಎಂದಳು. ಮತ್ತೆ ಆ ಅರ್ಧ ಮೊಟ್ಟೆಯನ್ನು ಚೂರುಚೂರಾಗಿ ಮುರಿದು ತಿಂದಳು. ಲವೀನಾ ಅವಳ ಬೆನ್ನು ಸವರುತ್ತಾ ಕೂತಿದ್ದಳು. ಹುಡುಗನ ಮನೆ ನಾವು ಕೂತಿದ್ದ ಜಾಗದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆ ಮೇಜಿನಲ್ಲಿ ಅದು ನನಗೊಬ್ಬಳಿಗೇ ಗೊತ್ತಿತ್ತು.

ಹೊಸದಾಗಿ ಕೆಲಸಕ್ಕೆ ಬರುವ ಹುಡುಗಿಯರಿಗೆ ನಾನು ಕಲಿಸಿಬಂದದ್ದು ಇಷ್ಟೇ: ಮಗು ಏನು ಮಾಡುತ್ತದೋ ಅದನ್ನು ಬರೆಯಿರಿ, ಅದಕ್ಕೊಂದು ಹೆಸರು ಕೊಡಬೇಡಿ. ಹೆಸರು ಕೊಟ್ಟ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ, ನೀವೂ ಕೇಳುವುದಿಲ್ಲ. ಅಡುಗೆಮನೆಯವರನ್ನು ಕೇಳಿ. ಯಾರಿಗೋಸ್ಕರ ಎಂದು ಮಗುವನ್ನೇ ಕೇಳಿ.

ಹಳೆಯ ವರದಿಯನ್ನು ತಿದ್ದುವಂತಿಲ್ಲ. ಅದಕ್ಕೆ ಒಂದು ಪುಟ ಸೇರಿಸಿ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದೆ. ಒಂದು ಪ್ರತಿ ಹುಡುಗನ ಕಡತಕ್ಕೂ ಹೋಯಿತು. ಹದಿನೆಂಟು ತುಂಬಿದ ಮೇಲೆ ಅವನಾಗಿ ಬಂದು ಕೇಳಿದರೆ ಅದನ್ನು ತೆರೆದು ಅವನಿಗೆ ತೋರಿಸುತ್ತಾರೆ. ತಾನು ದತ್ತು ಮಗ ಎಂದೇ ಗೊತ್ತಿಲ್ಲದ ಹುಡುಗ ಯಾಕೆ ಬಂದು ಕೇಳುತ್ತಾನೆ?